ಕಸುಬಿನ ಕಲಿಕೆಯೂ ಕರಾರುಪತ್ರವೂ

ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನು ಓದುವವರು ಸಾಮಾನ್ಯವಾಗಿ ದಾಯಭಾಗದಲ್ಲಿಯೇ ನಿಂತುಬಿಡುವರು. ವಿಜ್ಞಾನೇಶ್ವರನ ಮಿತಾಕ್ಷರೆಯೆಂದರೆ ಅಣ್ಣತಮ್ಮಂದಿರ ಪಾಲನ್ನು ತೀರ್ಮಾನಿಸುವ ಗ್ರಂಥವೆಂಬ ಭಾವನೆ ನ್ಯಾಯಾಲಯಗಳಿಂದ ಹಬ್ಬಿ ಜನರಲ್ಲಿಯೂ ನೆಲೆಗೊಂಡಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ, ಕನ್ನಡ ನಾಡಿನ ರಾಜಧಾನಿಯಲ್ಲಿಯೇ ರಚಿತವಾದ ಈ ವ್ಯಾಖ್ಯಾನದಲ್ಲಿ ದಾಯಭಾಗವನ್ನು ದಾಟಿ ಮುಂದೆ ಹೋದರೆ ಅಭ್ಯುಪೇತ್ಯಾಶುಶ್ರೂಷೆ ಎಂಬ ಪ್ರಕರಣವೊಂದು ಸಿಗುತ್ತದೆ. ಸೇವೆಗೆ ಒಪ್ಪಿಕೊಂಡು ಬಂದು ಆಮೇಲೆ ಅದನ್ನು ನಡೆಸದೆ ಹೋದಾಗ ಏಳುವ ವ್ಯಾಜ್ಯವೇ ಅದರ ವಿಷಯ. ಅಲ್ಲಿ ಆಳುಗಳ ಮತ್ತು ದಾಸರ ಮಾತಿನ ನಡುವೆ ಕಸುಬು ಕಲಿಯಲು ಬಂದ ಹುಡುಗನ ಮಾತೂ ಬಂದಿದೆ.

ಈ ಹುಡುಗನ ನಿಮಿತ್ತವಾಗಿ ಪ್ರಕೃತ ಲೇಖನದಲ್ಲಿ ಒಂದು ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇವೆ. ಒಬ್ಬನು ಮತ್ತೊಬ್ಬನಿಗೆ ಕಸುಬನ್ನು ಕಲಿಸಿಕೊಡುವೆನೆಂದು ಬರೆದುಕೊಡುವಾಗ, ಕಲಿಸುವ ಕ್ರಮವೂ ಆ ಬರಹದಲ್ಲಿ ಸೇರಬೇಕೇ? ಕಾಲ, ಹಣ, ತಲೆಗಳ ಎಣಿಕೆ ಇಷ್ಟಿದ್ದರೆ ಸಾಲದೇ? ಇದು ಕೇವಲ ಗ್ರಂಥಸ್ಥವಾದ ಚರ್ಚೆಯಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಒಂದು ಕಡೆ ಮಗ್ಗವನ್ನೇ ನಂಬಿದ ಊರುಗಳಿವೆ. ಇನ್ನೊಂದು ಕಡೆ ಕೃಷ್ಣೆಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟು ಬೇರೆ ಜೀವನವನ್ನು ಕಲಿಯಬೇಕಾಗಿ ಬಂದ ಸಂಸಾರಗಳಿವೆ. ಕಲಿಸುವೆವೆಂಬ ಮಾತು ಇಬ್ಬರಿಗೂ ಬರಹದಲ್ಲಿ ಸಿಕ್ಕಿದೆ. ಆ ಮಾತಿನ ತೂಕವೆಷ್ಟೆಂಬುದೇ ಪ್ರಶ್ನೆ.

ಮೊದಲು ಸ್ಮೃತಿಗಳನ್ನು ನೋಡೋಣ. ನಾರದನು ಶುಶ್ರೂಷಕರನ್ನು ಐದು ಬಗೆಯಾಗಿ ವಿಂಗಡಿಸುವನು. ವೇದವಿದ್ಯೆಗಾಗಿ ಬಂದವನು ಶಿಷ್ಯ. ಶಿಲ್ಪವನ್ನು, ಎಂದರೆ ಕೈಗೆಲಸವನ್ನು, ಕಲಿಯಲು ಬಂದವನು ಅಂತೇವಾಸಿ. ಉಳಿದ ಮೂವರು ಕೂಲಿಯಾಳು, ಮೇಲ್ವಿಚಾರಕ ಮತ್ತು ದಾಸ. ಅಂತೇವಾಸಿಯು ಬಂಧುಗಳ ಅನುಮತಿಯಿಂದ ಬರಬೇಕು; ಎಷ್ಟು ಕಾಲ ಇರುವನೆಂಬುದನ್ನು ಮೊದಲೇ ನಿಶ್ಚಯಿಸಬೇಕು; ಆಚಾರ್ಯನು ತನ್ನ ಮನೆಯಲ್ಲಿಯೇ ಉಣ್ಣಲಿಟ್ಟು ಕಲಿಸಬೇಕು; ಬೇರೆ ಕೆಲಸವನ್ನು ಮಾಡಿಸಕೂಡದು; ಮಗನಂತೆ ಕಾಣಬೇಕು. ಇದಕ್ಕೆ ಪ್ರತಿಯಾಗಿ, ಕಲಿಯುವ ಅವಧಿಯಲ್ಲಿ ಹುಡುಗನು ಮಾಡಿದ ಕೆಲಸದ ಫಲವೆಲ್ಲ ಆಚಾರ್ಯನದು. ಬೇಗನೆ ಕಲಿತುಬಿಟ್ಟರೂ ಒಪ್ಪಿದ ಕಾಲವನ್ನು ಪೂರೈಸಿಯೇ ಹೋಗತಕ್ಕದ್ದು. ಯಾಜ್ಞವಲ್ಕ್ಯನ ವಚನವನ್ನು ವಿವರಿಸುವಾಗ ವಿಜ್ಞಾನೇಶ್ವರನು ನಾಲ್ಕು ವರ್ಷಗಳ ಒಪ್ಪಂದವನ್ನು ನಿದರ್ಶನವಾಗಿ ಕೊಟ್ಟಿರುವನು. ದೋಷವಿಲ್ಲದ ಆಚಾರ್ಯನನ್ನು ನಡುವೆಯೇ ಬಿಟ್ಟು ಓಡಿದ ಹುಡುಗನಿಗೆ ನಾರದನು ಹೇಳುವ ದಂಡನೆ ಕಠಿನವಾದುದು. ಹೊಡೆತವೂ ಬಂಧನವೂ ಅದರಲ್ಲಿವೆ. ಅದನ್ನು ಮುಚ್ಚಿಟ್ಟು ಪ್ರಾಚೀನರನ್ನು ಹೊಗಳುವುದು ನಮ್ಮ ಉದ್ದೇಶವಲ್ಲ.

ಈ ನಿಯಮಗಳಲ್ಲೆಲ್ಲ ಬೇರೆ ಕೆಲಸವನ್ನು ಮಾಡಿಸಕೂಡದೆಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ. ನಿಬಂಧಕಾರರು ಉದ್ಧರಿಸುವ ಕಾತ್ಯಾಯನನ ವಚನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿಲ್ಪವನ್ನು ಕಲಿಸದೆ ಇತರ ಕೆಲಸಗಳನ್ನು ಮಾಡಿಸಿಕೊಂಡ ಆಚಾರ್ಯನಿಗೆ ಪ್ರಥಮಸಾಹಸದ ದಂಡವನ್ನು ವಿಧಿಸಿ, ಹುಡುಗನಿಗೆ ಬಿಡುಗಡೆಯನ್ನು ಕೊಡುತ್ತದೆ. ನೀರು ಹೊರುವುದು, ದನ ಕಾಯುವುದು, ಅಂಗಳ ಗುಡಿಸುವುದು ಕಲಿಕೆಯಲ್ಲವೆಂದು ಹೇಳಿದಾಗ, ಕಲಿಕೆಯೆಂದರೆ ಏನೆಂಬುದನ್ನು ಅರ್ಧ ಹೇಳಿದಂತಾಯಿತು. ಕ್ರಮವನ್ನು ನಿಷೇಧಮುಖವಾಗಿ ಕರಾರಿನೊಳಕ್ಕೆ ತಂದ ಬಗೆಯಿದು. ಕುಶಲಕರ್ಮಿಗಳು ಕೂಡಿ ಕೆಲಸಮಾಡಿದಾಗ ಗಳಿಕೆಯನ್ನು ಶಿಕ್ಷಕ, ಅಭಿಜ್ಞ, ಕುಶಲ, ಆಚಾರ್ಯ ಎಂಬ ನಾಲ್ವರು ಕ್ರಮವಾಗಿ 1, 2, 3, 4 ಪಾಲುಗಳಂತೆ ಹಂಚಿಕೊಳ್ಳಬೇಕೆಂಬ ಸ್ಮೃತಿವಚನವೂ ಉಂಟು. ಇಲ್ಲಿ ಶಿಕ್ಷಕನೆಂದರೆ ಕಲಿಸುವವನಲ್ಲ, ಕಲಿಯುವವನು. ನಮ್ಮ ಉಪಾಧ್ಯಾಯ ಮಿತ್ರರು ಇದನ್ನು ಕೇಳಿ ನಗಬಹುದು. ಆದರೆ ಕಲಿಕೆಗೆ ಮೆಟ್ಟಿಲುಗಳುಂಟೆಂದೂ, ಮೆಟ್ಟಿಲಿಗೊಂದು ಹೆಸರೂ ಒಂದು ಬೆಲೆಯೂ ಇರಬೇಕೆಂದೂ ಬಲ್ಲವರು ಮಾಡಿದ ಹಂಚಿಕೆಯಿದೆಂಬುದನ್ನು ಗಮನಿಸಬೇಕು.

ಮುಧೋಳದ ರನ್ನನು ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ಕುಲದ ವ್ಯಾಪಾರವನ್ನು ಬಿಟ್ಟು ಅಜಿತಸೇನಾಚಾರ್ಯರಲ್ಲಿ ಓದಿ, 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ನಾರದನ ಲೆಕ್ಕದಲ್ಲಿ ಅವನು ಅಂತೇವಾಸಿಯಾಗದೆ ಶಿಷ್ಯನಾದವನು. ಅವನ ಊರಿನ ಸುತ್ತಣ ಎಷ್ಟೋ ಅಂತೇವಾಸಿಗಳ ಹೆಸರು ಯಾವ ಪುರಾಣದ ಪೀಠಿಕೆಯಲ್ಲಿಯೂ ಬಂದಿಲ್ಲವೆಂಬುದನ್ನು ಸಾಹಿತ್ಯಚರಿತ್ರೆಯನ್ನು ಬರೆಯುವವರು ನೆನೆಯುವುದು ಒಳ್ಳೆಯದು.

ಬ್ರಿಟಿಷ್ ಆಡಳಿತದಲ್ಲಿ ಈ ವಿಷಯಕ್ಕೆ ಬಂದ ಮೊದಲ ಶಾಸನವು 1850ರ 19ನೆಯ ಆಕ್ಟು. ಹತ್ತು ವರ್ಷ ಮೀರಿದ, ಹದಿನೆಂಟು ತುಂಬದ ಮಕ್ಕಳನ್ನು ತಂದೆಯೋ ಪೋಷಕನೋ ಏಳು ವರ್ಷಗಳಿಗೆ ಮೀರದಂತೆ ಕಸುಬಿಗೆ ಕಟ್ಟಿಕೊಡಬಹುದಾಗಿತ್ತು. ಅನಾಥರೂ ಬಡವರೂ ಆದ ಮಕ್ಕಳಿಗೆ ಒಂದು ದಾರಿಯಾಗಲೆಂಬುದು ಅದರ ಆಶಯ. ಕರಾರಿನಂತೆ ಕಲಿಸದ ಯಜಮಾನನ ಮೇಲೆ ಮ್ಯಾಜಿಸ್ಟ್ರೇಟನಲ್ಲಿ ದೂರು ಕೊಡಲು ಅದರಲ್ಲಿ ಅವಕಾಶವಿತ್ತು. ಮುಂದೆ 1872ರ ಕರಾರು ಕಾಯಿದೆ ಬಂದು, ಅಪ್ರಾಪ್ತವಯಸ್ಕನ ಕರಾರು ಶೂನ್ಯವೆಂದು ಪ್ರಿವಿ ಕೌನ್ಸಿಲು 1903ರಲ್ಲಿ ತೀರ್ಪಿತ್ತ ಮೇಲೆ, ಕಸುಬಿನ ಕಲಿಕೆಗೆ ಇಂಥ ಪ್ರತ್ಯೇಕ ಶಾಸನವೇ ಆಧಾರವಾಯಿತು. ನಮ್ಮ ಸೀಮೆಗೆ ಮಾತ್ರ ಇದಾವುದೂ ನೇರವಾಗಿ ತಾಗಲಿಲ್ಲ. ಬನಹಟ್ಟಿಯು ಜಮಖಂಡಿ ಸಂಸ್ಥಾನದಲ್ಲಿಯೂ, ರಬಕವಿಯು ಸಾಂಗಲಿ ಸಂಸ್ಥಾನದಲ್ಲಿಯೂ, ಮಹಾಲಿಂಗಪುರವು ಮುಧೋಳ ಸಂಸ್ಥಾನದಲ್ಲಿಯೂ ಇದ್ದವು. ನಡೆದು ಹೋಗುವಷ್ಟು ದೂರದೊಳಗೆ ಮೂರು ದೊರೆತನಗಳು, ಮೂರು ಕಚೇರಿಗಳು. ಮಗ್ಗದ ಸದ್ದು ಮಾತ್ರ ಒಂದೇ. 1948ರ ವಿಲೀನದವರೆಗೂ ಸ್ಥಿತಿ ಹೀಗಿತ್ತು. ಕಚೇರಿಗಳಲ್ಲಿ ಸಂಬಳವಿಲ್ಲದೆ ಕುಳಿತು ಗುಮಾಸ್ತಿಕೆ ಕಲಿಯುವವನಿಗೆ ಆಗ ಉಮೇದುವಾರನೆಂದು ಹೆಸರು. ಇಂದು ಆ ಶಬ್ದವು ಚುನಾವಣೆಯ ಕಣಕ್ಕೆ ಸೇರಿಹೋಗಿದೆ.

1850ರ ಶಾಸನವನ್ನು ತೆಗೆದುಹಾಕಿ ಬಂದುದು 1961ರ ಅಪ್ರೆಂಟಿಸ್ ಕಾಯಿದೆ. ಇದರಲ್ಲಿ ಕನಿಷ್ಠ ವಯಸ್ಸು 14. ಅಪಾಯಕರವಾದ ಕಸುಬುಗಳಲ್ಲಿ 18. ಕಲಿಯುವವನು, ಅವನು ಅಪ್ರಾಪ್ತವಯಸ್ಕನಾದರೆ ಪೋಷಕನು, ಯಜಮಾನನೊಡನೆ ಕರಾರಿಗೆ ರುಜು ಹಾಕತಕ್ಕದ್ದು. ಅದು ಸರಕಾರದ ಸಲಹೆಗಾರನಲ್ಲಿ ನೋಂದಣಿಯಾಗತಕ್ಕದ್ದು. ತಕ್ಕ ಅರ್ಹತೆಯುಳ್ಳವನನ್ನು ಕಲಿಕೆಯ ಮೇಲ್ವಿಚಾರಣೆಗೆ ಇಡುವುದು ಯಜಮಾನನ ಹೊಣೆ. ಪ್ರಗತಿಯ ದಾಖಲೆಯನ್ನೂ ಅವನು ಇಡಬೇಕು. 13ನೆಯ ಕಲಮಿನಲ್ಲಿ ಒಂದು ಸಣ್ಣ ವಾಕ್ಯವಿದೆ: ಕಲಿಯುವವನಿಗೆ ತುಂಡುಲೆಕ್ಕದ ಮಜೂರಿಯನ್ನು ಕೊಡಕೂಡದು, ಹೆಚ್ಚು ಉತ್ಪತ್ತಿಗೆ ಕೊಡುವ ಇನಾಮಿನಲ್ಲಿಯೂ ಅವನನ್ನು ಸೇರಿಸಕೂಡದೆಂಬುದು ಅದರ ತಾತ್ಪರ್ಯ. ನಾರದನು ಬೇರೆ ಕೆಲಸ ಬೇಡವೆಂದನು. 1961ರ ಶಾಸನವು ಅದೇ ಕೆಲಸವನ್ನಾದರೂ ಗಳಿಕೆಯ ಆತುರದಿಂದ ಮಾಡಿಸಬೇಡವೆಂದಿತು. ಎರಡೂ ಒಂದೇ ಮರ್ಮವನ್ನು ಹಿಡಿದಿವೆ.

ಆ ಮರ್ಮವೇನೆಂಬುದು ಮಗ್ಗದ ಮುಂದೆ ನಿಂತರೆ ತಿಳಿಯುವುದು. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಕೊಡುವುದು, ಹಣಿಗೆಯ ಹಲ್ಲಿಗೊಂದೊಂದರಂತೆ ಎಳೆಗಳನ್ನು ಸೇದುವುದು, ಹಳೆಯ ಹಾಸಿನ ತುದಿಗೆ ಹೊಸದನ್ನು ಕೆಚ್ಚುವುದು, ಲಾಳಿಯನ್ನು ಹಾಯಿಸುವುದು, ದಡಿಯನ್ನೂ ಸೆರಗನ್ನೂ ತೆಗೆಯುವುದು, ಇವು ಸೀರೆಯ ನೇಕಾರಿಕೆಯ ಮೆಟ್ಟಿಲುಗಳು. ಇವುಗಳಲ್ಲಿ ಕಂಡಿಕೆ ಸುತ್ತುವ ಕೆಲಸದಲ್ಲಿ ತಪ್ಪಾದರೆ ನಷ್ಟ ಅಲ್ಪ. ಹಾಸಿನಲ್ಲಿ ತಪ್ಪಾದರೆ ಹಲವು ಸೀರೆಗಳ ನೂಲು ಕೆಡುವುದು. ರಬಕವಿ-ಬನಹಟ್ಟಿಯ ಬಹುಮಂದಿ ನೇಕಾರರು ಮಾಲೀಕನಿಂದ ನೂಲನ್ನು ಪಡೆದು, ನೇಯ್ದುಕೊಟ್ಟ ಬಟ್ಟೆಗೆ ಮಜೂರಿ ಪಡೆಯುವವರು; ಕೆಟ್ಟ ಬಟ್ಟೆಗೆ ಮಜೂರಿ ಕಡಿತವಾಗುವುದೆಂಬ ಭಯ ಅವರಿಗೆ ಸದಾ ಇರತಕ್ಕದ್ದೇ. ಇಂಥ ಮನೆಯಲ್ಲಿ ಕಲಿಯುವ ಹುಡುಗನಾಗಲಿ ಹುಡುಗಿಯಾಗಲಿ ಕಂಡಿಕೆಯಿಂದ ಮಗ್ಗಕ್ಕೆ ಏರುವುದು ಎಂದು? ಕಲಿಸುವವನು ಕ್ರೂರಿಯಾಗಬೇಕಾಗಿಲ್ಲ, ಕೆಟ್ಟ ನೂಲಿನ ಬೆಲೆ ಅವನ ತಲೆಯ ಮೇಲಿದ್ದರೆ ಸಾಕು, ಹುಡುಗನು ವರ್ಷಗಟ್ಟಲೆ ಕಂಡಿಕೆಯ ಹತ್ತಿರವೇ ಉಳಿಯುವನು. ಅವಧಿ ಮುಗಿದಾಗ ಕರಾರಿನ ದಿನಗಳು ಪೂರ್ತಿಯಾಗಿರುವವು. ಕಲಿಕೆಯು ಮೊದಲ ಮೆಟ್ಟಿಲಿನಲ್ಲಿಯೇ ಇರುವುದು. ಆದುದರಿಂದ ಕಲಿಕೆಯ ಕರಾರಿನಲ್ಲಿ ಮೊದಲು ಬರೆಯಬೇಕಾದ ಮಾತು, ನಮ್ಮ ಅಭಿಪ್ರಾಯದಲ್ಲಿ, ಕೆಡಿಸಲು ಎಷ್ಟು ನೂಲು ಎಂಬುದು. ಕೇಳಲು ವಿಚಿತ್ರವಾಗಿ ತೋರಬಹುದು. ಆದರೆ ಕೆಡಿಸುವ ಹಕ್ಕಿಲ್ಲದವನಿಗೆ ಕಲಿಯುವ ಹಕ್ಕೂ ಇಲ್ಲ.

ವಿದ್ಯುತ್ ಮಗ್ಗಗಳು ಬಂದ ಮೇಲೆ ಮೆಟ್ಟಿಲುಗಳು ಬದಲಾದವು, ಪ್ರಶ್ನೆ ಬದಲಾಗಲಿಲ್ಲ. ಒಬ್ಬನೇ ಹಲವು ಮಗ್ಗಗಳನ್ನು ನೋಡಿಕೊಳ್ಳುವ ಕಡೆ ಕಲಿಯುವವನಿಗೆಂದು ಒಂದು ಮಗ್ಗದ ಓಟವನ್ನು ನಿಧಾನಗೊಳಿಸುವವರು ಯಾರು?

ಇನ್ನು ಬೀಳಗಿಯ ಕಡೆಗೆ ತಿರುಗೋಣ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ, ಬಾಗಲಕೋಟೆ, ಜಮಖಂಡಿ ತಾಲ್ಲೂಕುಗಳ ನದೀತೀರದ ಊರುಗಳನ್ನು ಆವರಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಎರಡನೆಯ ಹಂತಕ್ಕೆ ವಿಶ್ವಬ್ಯಾಂಕು 1989ರಲ್ಲಿ ಸಾಲವನ್ನು ಮಂಜೂರು ಮಾಡಿತು. ಇಂಥ ಸಾಲಗಳಲ್ಲಿ ಭಾರತ ಸರಕಾರವು ಸಾಲದ ಒಡಂಬಡಿಕೆಗೆ ರುಜು ಹಾಕಿದರೆ, ಕೆಲಸವನ್ನು ನಡೆಸುವ ರಾಜ್ಯವು ಬ್ಯಾಂಕಿನೊಡನೆ ಪ್ರತ್ಯೇಕವಾಗಿ ಯೋಜನೆಯ ಒಡಂಬಡಿಕೆಯನ್ನು ಮಾಡಿಕೊಳ್ಳುವುದು ರೂಢಿ. ನೆಲ ಕಳೆದುಕೊಂಡವರ ಪುನರ್ವಸತಿಯೂ ಆ ಹೊಣೆಯೊಳಗೆ ಸೇರಿತ್ತು. ಅದರ ಕುಂದುಗಳಿಗಾಗಿ 1990ರ ದಶಕದಲ್ಲಿ ಬ್ಯಾಂಕು ಹಣದ ಬಿಡುಗಡೆಯನ್ನು ತಡೆಹಿಡಿಯಿತೆಂಬುದು ಸುವಿದಿತ. ಈಗ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿದೆ. ಏರಿದಷ್ಟೂ ಹೊಲಗಳು ನೀರಿಗೆ ಹೋಗುವವು. ಒಕ್ಕಲುತನವೊಂದನ್ನೇ ಬಲ್ಲ ಇನ್ನಷ್ಟು ಜನರು ಬೇರೆ ಕಸುಬಿಗೆ ಕೈಹಾಕಬೇಕಾಗುವುದು.

2013ರ ಭೂಸ್ವಾಧೀನ ಕಾಯಿದೆಯ ಎರಡನೆಯ ಅನುಸೂಚಿಯು ಇಂಥವರಿಗೆ ಮೂರು ದಾರಿಗಳನ್ನು ತೋರಿಸುತ್ತದೆ: ಸಂಸಾರಕ್ಕೆ ಒಮ್ಮೆಗೇ 5 ಲಕ್ಷ ರೂಪಾಯಿ, ಅಥವಾ 20 ವರ್ಷಗಳವರೆಗೆ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದ ವರ್ಷಾಶನ, ಅಥವಾ ಯೋಜನೆಯಿಂದ ಉದ್ಯೋಗಗಳು ಹುಟ್ಟಿದಲ್ಲಿ, ತಕ್ಕ ತರಬೇತಿಯನ್ನು ಕೊಟ್ಟು ಮನೆಗೊಬ್ಬರಿಗೆ ಉದ್ಯೋಗ. ಹಣವನ್ನು ಕುರಿತ ದಾರಿಗಳಲ್ಲಿ ಅಂಕಿಗಳಿವೆ. ಕಲಿಕೆಯ ದಾರಿಯಲ್ಲಿ ‘ತಕ್ಕ’ ಎಂಬ ಒಂದು ವಿಶೇಷಣವಿದೆ. ಎಷ್ಟು ತಿಂಗಳು, ಯಾರಿಂದ, ಯಾವ ಯಂತ್ರದ ಮೇಲೆ, ಯಾವ ಭಾಷೆಯಲ್ಲಿ ಎಂಬುದೆಲ್ಲ ಆ ವಿಶೇಷಣದ ಹೊಟ್ಟೆಯಲ್ಲಿ ಅಡಗಿದೆ. 1872ರ ಕರಾರು ಕಾಯಿದೆಯ 29ನೆಯ ಕಲಮು, ಅರ್ಥವು ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಆಗದ ಒಪ್ಪಂದವು ಶೂನ್ಯವೆನ್ನುತ್ತದೆ. ನೂರು ಟನ್ನು ಎಣ್ಣೆಯನ್ನು ಮಾರುವೆನೆಂದು ಹೇಳಿ ಯಾವ ಎಣ್ಣೆಯೆಂದು ತಿಳಿಸದವನ ಕಥೆ ಅದರ ದೃಷ್ಟಾಂತ. ಶಾಸನದ ಅನುಸೂಚಿಗೆ ಈ ಕಲಮು ಅನ್ವಯಿಸದು, ನಿಜ. ಆದರೆ ಅದನ್ನು ನಡೆಸಲು ಕೆಳಗೆ ಬರೆಯಲ್ಪಡುವ ಒಪ್ಪಂದಗಳು ಎಣ್ಣೆಯ ಹೆಸರನ್ನಾದರೂ ಹೇಳಬೇಡವೇ?

ಹೇಳುತ್ತಿಲ್ಲವೆಂದಲ್ಲ, ಬೇರೆ ರೀತಿಯಲ್ಲಿ ಹೇಳುತ್ತಿವೆ. ಕೇಂದ್ರದ ಕೌಶಲ ಯೋಜನೆಗಳಿಗಾಗಿ 2015ರಲ್ಲಿ ಗೊತ್ತುಪಡಿಸಿದ ಸಾಮಾನ್ಯ ನಿಯಮಗಳಂತೆ, ಕಲಿಸುವ ಸಂಸ್ಥೆಗೆ ಹಣವು ಮೂರು ಕಂತುಗಳಲ್ಲಿ ಬರುತ್ತಿತ್ತು: ಆರಂಭಕ್ಕೆ 30, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ 50, ಉದ್ಯೋಗ ದೊರೆತ ಮೇಲೆ 20, ನೂರಕ್ಕೆ. ಜವಳಿ ಕ್ಷೇತ್ರಕ್ಕೆಂದು 2017ರಲ್ಲಿ ಒಪ್ಪಿಗೆ ಪಡೆದ ಸಮರ್ಥ ಯೋಜನೆಯಲ್ಲಿ ಬೆರಳಚ್ಚಿನ ಹಾಜರಿಯೂ ಹೊರಗಿನವರಿಂದ ಪರೀಕ್ಷೆಯೂ ಇವೆ. ಪಾಠಕ್ರಮಗಳು ಪ್ರತ್ಯೇಕವಾಗಿ ಮುದ್ರಿತವಾಗಿವೆ. ಅವುಗಳಲ್ಲಿ ಗಂಟೆಗಳ ಹಂಚಿಕೆಯೂ ಉಂಟು. ಇವೆಲ್ಲ ವ್ಯರ್ಥವೆಂದು ನಾವು ಹೇಳುವುದಿಲ್ಲ. ಸುಳ್ಳು ಲೆಕ್ಕವನ್ನು ತಡೆಯಲು ಬೆರಳಚ್ಚು ಬೇಕು. ಆದರೆ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ನಾರದನ ಒಪ್ಪಂದವು ಆಚಾರ್ಯನಿಗೂ ಹುಡುಗನ ಬಂಧುಗಳಿಗೂ ನಡುವಿನದು. 1850ರದು ಯಜಮಾನನಿಗೂ ತಂದೆಗೂ ನಡುವಿನದು. 1961ರ ಕರಾರಿನಲ್ಲಿ ಕಲಿಯುವವನೇ ಪಕ್ಷಗಾರ. ಯೋಜನೆಯ ಒಡಂಬಡಿಕೆಯಾದರೋ ಹಣ ಕೊಡುವವನಿಗೂ ಕಲಿಸುವ ಸಂಸ್ಥೆಗೂ ನಡುವಿನದು. ಕಲಿಯುವವನು ಅದರಲ್ಲಿ ಪ್ರಥಮಪುರುಷ, ಅದೂ ಬಹುವಚನ. ಪಕ್ಷಗಾರನಲ್ಲದವನು ‘ನನಗೆ ಹಾಸು ಹೂಡಲು ಕಲಿಸಲಿಲ್ಲ’ ಎಂದು ಯಾವ ಕಲಮನ್ನು ತೋರಿಸಿ ಕೇಳಬೇಕು? ಅವನು ಇರುವಲ್ಲಿ ಕಲಿಸುವ ಕ್ರಮವು ಕರಾರಿನೊಳಗೆ ಬರುತ್ತದೆ. ಅವನು ಎಣಿಕೆಯಾದಲ್ಲಿ ಎಣಿಕೆ ಮಾತ್ರ ಬರುತ್ತದೆ.

ಇದಕ್ಕೆ ಪರಿಹಾರವು ದೊಡ್ಡದಲ್ಲ. ಮುಖ್ಯ ಒಡಂಬಡಿಕೆ ಹೇಗಾದರೂ ಇರಲಿ. ಅದರ ಅಂಗವಾಗಿ ಕಲಿಯುವವನಿಗೂ ಸಂಸ್ಥೆಗೂ ನಡುವೆ ಒಂದು ಹಾಳೆಯ ಕನ್ನಡ ಕರಾರು ಇರಬೇಕು. ಅದರಲ್ಲಿ ಮೆಟ್ಟಿಲುಗಳನ್ನು ಕಸುಬಿನ ಮಾತಿನಲ್ಲಿಯೇ ಹೆಸರಿಸಬೇಕು. ಹಾಸು, ಹೊಕ್ಕು, ಹಣಿಗೆ, ಕೆಚ್ಚುವುದು ಎಂದರೆ ಬನಹಟ್ಟಿಯ ತಾಯಿಗೆ ತಿಳಿಯುವುದು. ಅನುಬಂಧದಲ್ಲಿ ಬರುವ ಇಂಗ್ಲಿಷ್ ಪದಗಳು ತಿಳಿಯವು, ಅವುಗಳಿಗೆ ಸಂಸ್ಕೃತದಿಂದ ಕಟ್ಟಿದ ಹೊಸ ಶಬ್ದಗಳು ಇನ್ನೂ ತಿಳಿಯವು. ಊರೂರಿಗೂ ಈ ಪದಗಳಲ್ಲಿ ಭೇದವುಂಟು. ಅವನ್ನು ಕೇಳಿ ಬರೆದಿಡುವ ಕೆಲಸವು ಭಾಷೆಯನ್ನು ಕಲಿಸುವವರದು, ವಕೀಲರಿಂದ ಆಗತಕ್ಕದ್ದಲ್ಲ. ಪ್ರತಿ ಮೆಟ್ಟಿಲಿನ ಮುಂದೆ ತೋರಿಸುವವನು ಯಾರು, ಕಲಿಯುವವನು ಸ್ವತಃ ಎಷ್ಟು ಸಲ ಮಾಡಬೇಕು, ಆಗಿದೆಯೆಂದು ಯಾರು ನೋಡಿ ಹೇಳಬೇಕು ಎಂಬ ಮೂರು ಅಂಕಣಗಳಿರಲಿ. ನಾಲ್ಕನೆಯ ಅಂಕಣದಲ್ಲಿ ಕೆಡಿಸಲು ಕೊಡುವ ನೂಲಿನ ತೂಕವನ್ನು, ಅದರ ಬೆಲೆ ಯಾರ ಲೆಕ್ಕಕ್ಕೆಂಬುದನ್ನೂ ಸೇರಿಸಿ, ಬರೆಯತಕ್ಕದ್ದು.