ಎರಡು ತಲೆಯ ಪ್ರಾಣಿಗಳು

ಕಿರುಗಾವಲಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಮೊಮ್ಮಗನು ಒಂದು ವಿಡಿಯೊ ಆಟದಲ್ಲಿ ಮಗ್ನನಾಗಿದ್ದನು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಒಂದರೊಡನೊಂದನ್ನು ಕಾದಾಡಿಸುವುದೇ ಆ ಆಟ. ಇದ್ದಕ್ಕಿದ್ದಂತೆ ಅವನು ತಲೆಯೆತ್ತಿ, “ತಾತ, ಈ ಹಕ್ಕಿಗೆ ಎರಡು ತಲೆ ಇದೆ, ರೆಕ್ಕೆ ಮಾತ್ರ ಕಾಣಿಸುವುದೇ ಇಲ್ಲ. ಆದರೂ ನನ್ನನ್ನು ಹೊತ್ತುಕೊಂಡು ಊರಿಂದೂರಿಗೆ ಹಾರುತ್ತದೆ. ಅದು ಹೇಗೆ?” ಎಂದು ಕೇಳಿದನು.

ಆಟದ ಹೆಸರು ಪೋಕೆಮಾನ್. 1996ರಲ್ಲಿ ಜಪಾನಿನಲ್ಲಿ ಅದು ಮೊದಲು ಬಿಡುಗಡೆಯಾದಾಗ ಅದರಲ್ಲಿ 151 ಪ್ರಾಣಿಗಳಿದ್ದವು. ಅದನ್ನು ರೂಪಿಸಿದ ಸತೋಷಿ ತಜಿರಿ ಅವರಿಗೆ ಬಾಲ್ಯದಲ್ಲಿ ಕೀಟಗಳನ್ನು ಸಂಗ್ರಹಿಸುವ ಹವ್ಯಾಸವಿತ್ತಂತೆ. ಮೊಮ್ಮಗನು ತೋರಿಸಿದ ಹಕ್ಕಿಯ ಹೆಸರು ಡೊಡುವೊ. ಅದು ಹಾರುವುದರಲ್ಲಿ ಹಿಂದೆ, ಓಡುವುದರಲ್ಲಿ ಮುಂದೆ ಎಂದು ಆಟದ ವಿವರಣೆಯೇ ಹೇಳುತ್ತದೆ! ಹಾಗಾದರೆ ಈ ಅಸಂಗತ ಸಾಮರ್ಥ್ಯವು ಅದಕ್ಕೆ ಎಲ್ಲಿಂದ ಬಂದಿತು? ಆಟ ಕಟ್ಟಿದವರು ಪ್ರಾಣಿಗಳನ್ನು ಬೆಂಕಿ, ನೀರು, ಮಣ್ಣು, ಮಿಂಚು, ಹಾರಾಟ ಮೊದಲಾದ ವರ್ಗಗಳಾಗಿ ವಿಂಗಡಿಸಿದ್ದಾರೆ. ಡೊಡುವೊ ಹಕ್ಕಿಯಾದುದರಿಂದ ಹಾರಾಟದ ವರ್ಗಕ್ಕೆ ಸೇರಿತು. ವರ್ಗಕ್ಕೆ ಸೇರಿದ ಮೇಲೆ ಹಾರುವ ವಿದ್ಯೆಯೂ ದೊರೆಯಿತು. ರೆಕ್ಕೆಯನ್ನು ಯಾರೂ ಹುಡುಕಲಿಲ್ಲ. ಬಹುವಚನಕ್ಕೆ ‘ಗಳು’ ಎಂದು ಕಲಿತ ಬಾಲಕನು ‘ಅಣ್ಣಗಳು’ ಎಂದು ಬರೆಯುವುದಿಲ್ಲವೇ? ಇಂತಹ ಉತ್ತರಪತ್ರಿಕೆಗಳನ್ನು ನಾನು ಬಹಳ ಕಾಲ ತಿದ್ದಿದ್ದೇನೆ. ಆ ತಪ್ಪಿನಲ್ಲಿಯೂ ಒಂದು ತರ್ಕವಿದೆ. ಅದು ನಿಯಮವನ್ನು ನೋಡುತ್ತದೆ, ಎದುರಿಗಿರುವುದನ್ನು ನೋಡುವುದಿಲ್ಲ.

ಇನ್ನು ಕೆಲವು ಸಾಮರ್ಥ್ಯಗಳಿಗೆ ಇಷ್ಟು ತರ್ಕವೂ ಇಲ್ಲ. ಬಸವನ ಹುಳುವನ್ನು ಹೋಲುವ ಮ್ಯಾಗ್‌ಕಾರ್ಗೊ ಎಂಬ ಪ್ರಾಣಿಯ ಮೈಶಾಖವು ಸುಮಾರು 10,000 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಸೂರ್ಯನ ಮೇಲ್ಮೈಯ ಉಷ್ಣತೆಯೇ ಸುಮಾರು 5,500 ಡಿಗ್ರಿ. ಇಂತಹ ಹುಳು ಹರಿದಾಡಿದ ಊರು ಉಳಿದೀತೇ? ಆಟದಲ್ಲಿ ಹುಡುಗನು ಅದರ ಪಕ್ಕದಲ್ಲಿಯೇ ನಿಶ್ಚಿಂತನಾಗಿ ನಿಂತಿರುತ್ತಾನೆ. ಆದರೆ ಮಿಂಚಿನ ಪ್ರಾಣಿಯ ಹೊಡೆತವು ಮಣ್ಣಿನ ಪ್ರಾಣಿಗೆ ನಾಟದು ಎಂಬ ನಿಯಮವನ್ನು ನಾನು ಮೆಚ್ಚಿದೆನು. ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿಯನ್ನು ಕಂಡವರಿಗೆ ಅದರ ಮೂಲ ಹೊಳೆಯುತ್ತದೆ.

ಎರಡು ತಲೆಯ ಹಕ್ಕಿ ನಮಗೇನೂ ಹೊಸದಲ್ಲ. ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಗಂಡಭೇರುಂಡವನ್ನು ನೀವು ನಿಮ್ಮ ಪುಸ್ತಕಗಳ ಮೇಲೆಯೇ ಕಂಡಿರಬಹುದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಅಲ್ಲಿ ಮನುಷ್ಯನ ಮೈಗೆ ಎರಡು ಹಕ್ಕಿತಲೆಗಳು. ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪವು ಇನ್ನೂ ಸ್ವಾರಸ್ಯವಾದುದು. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಹಿಡಿದಿದೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ! ಬಲಶಾಲಿಗೊಬ್ಬ ಬಲಶಾಲಿಯನ್ನು ಹುಡುಕುತ್ತ ಹೋದ ಶಿಲ್ಪಿಗೆ ಸಿಂಹದಾಚೆಗೆ ಕಾಡಿನಲ್ಲಿ ಪ್ರಾಣಿಗಳು ಸಿಗಲಿಲ್ಲ; ಅಲ್ಲಿಂದ ಮುಂದೆ ಕಲ್ಪನೆಯವೇ ಬಂದವು. ಇದನ್ನೆಲ್ಲ ಕಂಡು ಬೆರಗಾದ ಒಬ್ಬ ಋಷಿಯನ್ನೂ ಅವನು ಪಕ್ಕದಲ್ಲಿ ಕೆತ್ತಿದ್ದಾನೆ. ನನ್ನ ಮೊಮ್ಮಗನ ಆಟವು ಈ ಶಿಲ್ಪಕ್ಕಿಂತ ಬಹಳ ದೂರವಿದೆಯೆಂದು ನನಗೆ ತೋರುವುದಿಲ್ಲ.

ಕಲ್ಲಿನ ಹಕ್ಕಿಗೂ ಪರದೆಯ ಹಕ್ಕಿಗೂ ಎಷ್ಟು ಶಕ್ತಿಯನ್ನು ಕೊಟ್ಟರೂ ಅವಕ್ಕೆ ನೋವಿಲ್ಲ. ಜೀವವಿರುವ ಪ್ರಾಣಿಗೆ ಕೊಟ್ಟಾಗ ಏನಾಗುತ್ತದೆಂಬುದನ್ನು ಮಣ್ಣುಮುಕ್ಕ ಹಾವು ಅನುಭವಿಸುತ್ತಿದೆ. ಜನರು ಇದನ್ನು ‘ಎರಡು ತಲೆ ಹಾವು’ ಎನ್ನುತ್ತಾರೆ. ಇದರ ಬಾಲವು ತಲೆಯಷ್ಟೇ ದಪ್ಪ, ಅಷ್ಟೇ ಮೊಂಡು. ವೈರಿ ಎದುರಾದರೆ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ತಲೆಯಂತೆ ಮೇಲೆತ್ತುತ್ತದೆ; ಪೆಟ್ಟು ಬಿದ್ದರೆ ಬಾಲಕ್ಕೆ ಬೀಳಲಿ ಎಂಬುದು ಅದರ ಉಪಾಯ. ಇದಕ್ಕೆ ವಿಷವಿಲ್ಲ. ಹೊಲದ ಇಲಿಗಳನ್ನು ತಿಂದು ಬದುಕುವ ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಆದರೆ ಮನೆಯಲ್ಲಿಟ್ಟರೆ ಐಶ್ವರ್ಯ ಬರುವುದೆಂದೂ, ನೆಲದಲ್ಲಿ ಹೂತ ನಿಧಿಯನ್ನು ತೋರಿಸುವುದೆಂದೂ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂದೂ ಹಬ್ಬಿದ ಸುಳ್ಳಿನಿಂದಾಗಿ ಲಕ್ಷಗಟ್ಟಲೆ ರೂಪಾಯಿಯ ಆಸೆ ತೋರಿಸಿ ಇದನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ತನ್ನನ್ನು ಕಾಯಬೇಕಾದ ಬಾಲವೇ ಈ ಹಾವಿಗೆ ಮುಳುವಾಯಿತು.

ಕಳೆದ ಬೇಸಗೆಯಲ್ಲಿ ನಮ್ಮ ಗದ್ದೆಯ ಬದುವನ್ನು ಕಡಿಯುವಾಗ ಅಂಥದೊಂದು ಹಾವು ಹೊರಬಿದ್ದಿತು. ಕೆಲಸದವರಲ್ಲಿ ಒಬ್ಬನು ಮೆಲ್ಲಗೆ ಅದರ ಬೆಲೆಯ ಮಾತೆತ್ತಿದನು. ಮೊಮ್ಮಗನು ಮೊಣಕಾಲೂರಿ ಕುಳಿತು ಬಹಳ ಹೊತ್ತು ದಿಟ್ಟಿಸಿ ನೋಡಿದನು. “ತಾತ, ಈ ಕಡೆ ಕಣ್ಣೇ ಇಲ್ಲ, ಇದು ಬರೀ ಬಾಲ” ಎಂದನು. ಬೆಲೆಯ ಮಾತೆತ್ತಿದವನೂ ಬಗ್ಗಿ ನೋಡಿದನು. ಅಷ್ಟರಲ್ಲಿ ಹಾವು ಸುರುಳಿ ಬಿಚ್ಚಿ, ಪಕ್ಕದ ಇಲಿಬಿಲದೊಳಕ್ಕೆ ನಿಧಾನವಾಗಿ ಸರಿಯತೊಡಗಿತ್ತು.