ದ್ರವ್ಯದ ಗುಣ, ಶಿಲ್ಪದ ರೂಪ

ಕಿರುಶಿಲ್ಪವನ್ನು ರಚಿಸಹೊರಟವರು ಮೊದಲು ಅರಿಯಬೇಕಾದುದು ದ್ರವ್ಯದ ಗುಣವನ್ನು. ಇದನ್ನು ಪರೀಕ್ಷಿಸಲೆಂದು ನಾವು ಒಂದೇ ಆನೆಯನ್ನು ಮೂರು ದ್ರವ್ಯಗಳಲ್ಲಿ ಮಾಡಿದೆವು.

ಜೇಡಿಮಣ್ಣು ಬೆರಳಿಗೆ ಸುಲಭವಾಗಿ ಮಣಿಯುತ್ತದೆ. ಆದರೆ ಒಣಗುವಾಗ ಕುಗ್ಗುತ್ತದೆ. ತೆಳುವಾದ ಸೊಂಡಿಲು ಬೇಗನೆ, ದಪ್ಪನೆಯ ಒಡಲು ತಡವಾಗಿ ಒಣಗಿದರೆ ಅವೆರಡೂ ಕೂಡುವಲ್ಲಿ ಬಿರುಕು ಹುಟ್ಟುತ್ತದೆ. ಆದ್ದರಿಂದ ಒದ್ದೆಬಟ್ಟೆ ಹೊದಿಸಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆವು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಕಾಯಿಸಿ, ತನ್ನೊಳಗಿನ ನೀರಿನ ಮುಕ್ಕಾಲು ಪಾಲನ್ನು ಕಳೆದ ಜಿಪ್ಸಮ್. ನೀರು ಬೆರೆಸಿದರೆ ಅದು ಬಿಸಿಯೇರಿ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ; ಆದಕಾರಣ ಅಚ್ಚಿಗೆ ಸುರಿದೆವು.

ಸಾಬೂನಿನಲ್ಲಿ ಕೆತ್ತಿ ತೆಗೆದುದನ್ನು ಮರಳಿ ಕೂಡಿಸಲಾಗದು. ಚಾಚಿದ ಸೊಂಡಿಲು ಮುರಿಯುವುದರಿಂದ ಅದನ್ನು ಎದೆಗೆ ಸೇರಿಸಿಯೇ ಕೆತ್ತಿದೆವು.

ಹಿಂದಿನ ಶಿಲ್ಪಿಗಳೂ ದ್ರವ್ಯವನ್ನು ಬಲ್ಲವರು: 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವುರಾದ ಕೆತ್ತನೆಗೆ ಮೆದುವಾದ ಬಳಪದ ಕಲ್ಲೇ ಆಧಾರ. ದ್ರವ್ಯ ಒಪ್ಪಿದಂತೆಯೇ ರೂಪವೆಂಬುದನ್ನು ನಮ್ಮ ಮೂರು ಆನೆಗಳೂ ಕಲಿಸಿದುವು.