ನಿಮಗಿದು ಗೊತ್ತೇ? ಉಗುರುಬೆಚ್ಚಗಿನ ಊರು

ದೇವರಲ್ಲಾಗಲಿ ರಾಜಕೀಯದಲ್ಲಾಗಲಿ ಕಾವೇ ಇಲ್ಲದೆ ಅರೆಮನಸ್ಸಿನಲ್ಲಿ ಇದ್ದುಬಿಡುವವರಿಗೆ ಇಂಗ್ಲಿಷಿನಲ್ಲಿ ‘ಲೇಆಡಿಸೀಯನ್’ ಎನ್ನುತ್ತಾರೆ. ಅದು ಒಂದು ಊರಿನ ಹೆಸರಿನಿಂದ ಬಂದ ಪದ. ಆ ಊರು ಲವೊದಿಕೀಯ. ಇಂದಿನ ಟರ್ಕಿಯ ಡೆನಿಜ್ಲಿ ನಗರದ ಬಳಿ ಅದರ ಅವಶೇಷಗಳಿವೆ.

ಕ್ರಿ.ಪೂ. 3ನೇ ಶತಮಾನದಲ್ಲಿ ದೊರೆ 2ನೇ ಆಂಟಿಯೋಕಸ್ ತನ್ನ ರಾಣಿ ಲಾವೊಡಿಸೆಯ ಹೆಸರನ್ನು ಈ ಊರಿಗೆ ಇಟ್ಟ. ಮುಂದೆ ಅವಳನ್ನು ಬಿಟ್ಟು ಈಜಿಪ್ಟಿನ ರಾಜಕುಮಾರಿಯನ್ನು ಮದುವೆಯಾದ. ಊರಿನ ಹೆಸರು ಮಾತ್ರ ಬದಲಾಗಲಿಲ್ಲ.

ಬೈಬಲಿನ ಕೊನೆಯ ಪುಸ್ತಕ ‘ಪ್ರಕಟನೆ’ಯಲ್ಲಿ ಏಳು ಕ್ರೈಸ್ತ ಸಭೆಗಳಿಗೆ ಬರೆದ ಓಲೆಗಳಿವೆ. ಕೊನೆಯದು ಲವೊದಿಕೀಯಕ್ಕೆ. ನೀನು ಬಿಸಿಯೂ ಅಲ್ಲ, ತಣ್ಣಗೂ ಇಲ್ಲ, ಆದ್ದರಿಂದ ಉಗುಳಿಬಿಡುತ್ತೇನೆ ಎಂಬುದು ಅದರ ತಾತ್ಪರ್ಯ. ಊರಿನ ಹೆಸರು ಬೈಗುಳವಾದದ್ದು ಇಲ್ಲಿಂದಲೇ.

ಈ ಮಾತಿನ ಹಿಂದೆ ಆ ಸೀಮೆಯ ನೀರಿದೆ ಎನ್ನುತ್ತಾರೆ ಹಲವು ವ್ಯಾಖ್ಯಾನಕಾರರು. ಕಣಿವೆಯ ಆಚೆ ಹಿಯೆರಾಪೊಲಿಯಲ್ಲಿ, ಅಂದರೆ ಈಗಿನ ಪಾಮುಕ್ಕಲೆಯಲ್ಲಿ, ಬಿಸಿನೀರಿನ ಬುಗ್ಗೆಗಳು. ಪೂರ್ವದ ಕೊಲೊಸ್ಸೆಯಲ್ಲಿ ತಣ್ಣೀರು. ಲವೊದಿಕೀಯಕ್ಕೆ ಮಾತ್ರ ನೀರು ದೂರದಿಂದ ಕೊಳವೆಗಳಲ್ಲಿ ಹರಿದು ಬರಬೇಕಿತ್ತು; ಬರುವಷ್ಟರಲ್ಲಿ ಅದು ಉಗುರುಬೆಚ್ಚಗಾಗಿರುತ್ತಿತ್ತಂತೆ. ಒಳಗೆಲ್ಲ ಸುಣ್ಣ ಕಟ್ಟಿಕೊಂಡ ಆ ಕೊಳವೆಗಳನ್ನು ಇಂದಿಗೂ ಅಲ್ಲಿ ನೋಡಬಹುದು. ನೀರಿನ ಬೆಲೆ ಊರಿಗೆ ಚೆನ್ನಾಗಿ ತಿಳಿದಿತ್ತು: ಕ್ರಿ.ಶ. 114ರ ಅಮೃತಶಿಲೆಯ ಶಾಸನವೊಂದು, ನೀರು ಕೆಡಿಸುವವರಿಗೂ ಕದಿಯುವವರಿಗೂ ಭಾರಿ ದಂಡ ವಿಧಿಸುತ್ತದೆ.

ಹಾಗಾದರೆ ಆ ಜನ ನಿಜಕ್ಕೂ ನಿರುತ್ಸಾಹಿಗಳೇ? ನನಗಂತೂ ಒಪ್ಪಿಗೆಯಿಲ್ಲ. ಕ್ರಿ.ಶ. 60ರ ಭೂಕಂಪದಲ್ಲಿ ನೆಲಸಮವಾದ ನಗರವನ್ನು ಅವರು ರೋಮ್ ಸಾಮ್ರಾಜ್ಯದ ನೆರವಿಲ್ಲದೆ, ಸ್ವಂತ ದುಡ್ಡಿನಲ್ಲಿ ಮತ್ತೆ ಕಟ್ಟಿಕೊಂಡರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಆದರೆ ನಿಘಂಟಿಗೆ ಸೇರಿದ್ದು ಬೈಗುಳವೊಂದೇ.

ಉಗುರುಬೆಚ್ಚಗೆ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ‘ಲ್ಯೂಕ್‌ವಾರ್ಮ್’ ಪದದ ‘ಲ್ಯೂಕ್’ಗೂ ಸುವಾರ್ತೆ ಬರೆದ ಲೂಕನಿಗೂ ಸಂಬಂಧವಿಲ್ಲ. ಹಿಂದೆ ‘ಲ್ಯೂಕ್’ ಒಂದಕ್ಕೇ ಆ ಅರ್ಥವಿತ್ತು.

ಅದೇ ಅರ್ಥದ ‘ಟೆಪಿಡ್’ ಲ್ಯಾಟಿನ್ನಿನಿಂದ ಬಂದದ್ದು. ಅದು ಸಂಸ್ಕೃತದ ‘ತಪ’, ‘ತಾಪ’ಗಳ ದಾಯಾದಿ. ಒಂದೇ ಮೂಲಧಾತು ಅಲ್ಲಿ ಮಂದವಾದ ಬಿಸಿಯಾಯಿತು, ಇಲ್ಲಿ ತಪಸ್ಸಾಯಿತು.

ಥಾಮಸ್ ಹಾರ್ಡಿಯ 1881ರ ಒಂದು ಕಾದಂಬರಿಯ ಹೆಸರು ‘ಎ ಲೇಆಡಿಸೀಯನ್’.

2009ರಲ್ಲಿ ಅಮೆರಿಕದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲ್ಲಿಂಗ್ ಬೀ ಸ್ಪರ್ಧೆಯ ಕೊನೆಯ ಪದ ಇದೇ. ತಪ್ಪಿಲ್ಲದೆ ಅಕ್ಷರ ಜೋಡಿಸಿ ಗೆದ್ದವಳು ಕ್ಯಾನ್ಸಸ್‌ನ ಭಾರತೀಯ ಮೂಲದ ಹುಡುಗಿ, 13 ವರ್ಷದ ಕಾವ್ಯಾ ಶಿವಶಂಕರ್. ಹಿಂದಿನ ಮೂರು ವರ್ಷ ಅವಳು ಕ್ರಮವಾಗಿ 10, 8 ಮತ್ತು 4ನೇ ಸ್ಥಾನದಲ್ಲಿದ್ದಳು. 2015ರಲ್ಲಿ ಅವಳ ತಂಗಿ ವನ್ಯಾ ಕೂಡ ಅದೇ ಪ್ರಶಸ್ತಿಯನ್ನು ಹಂಚಿಕೊಂಡಳು.